ಕುಶ್ ಮೈನಿ: ಬೆಂಗಳೂರಿನ ಕಾರ್ಟಿಂಗ್‌ನಿಂದ ಫಾರ್ಮುಲಾ 2ರ ತನಕ

ಕುಶ್ ಮೈನಿ ಅವರು ಬೆಂಗಳೂರಿನ ಕಾರ್ ರೇಸ್ ಚಾಲಕರು. ಜನನ 2000ದ ಸೆಪ್ಟೆಂಬರ್ 22ರಂದು. ಜಗತ್ತಿನ ಅತ್ಯುನ್ನತ ಕಾರ್ ರೇಸ್ ಆದ ಫಾರ್ಮುಲಾ 1ಕ್ಕಿಂತ ಒಂದೇ ಮೆಟ್ಟಿಲು ಕೆಳಗಿರುವ ಫಾರ್ಮುಲಾ 2ರಲ್ಲಿ ಅವರು 2023ರಿಂದ ಸ್ಪರ್ಧಿಸುತ್ತ ಬಂದಿದ್ದಾರೆ. 2025ರ ಮೇ ತಿಂಗಳಲ್ಲಿ ಮೊನಾಕೊದ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಗೆದ್ದು, ಅಲ್ಲಿ ಆ ವಿಭಾಗದಲ್ಲಿ ಗೆದ್ದ ಮೊದಲ ಭಾರತೀಯರೆನಿಸಿದರು. ಅದೇ ವರ್ಷದ ಆರಂಭದಲ್ಲಿ ಆಲ್ಪೀನ್ ಫಾರ್ಮುಲಾ 1 ತಂಡವು ಅವರನ್ನು ಪರೀಕ್ಷಾ ಹಾಗೂ ಮೀಸಲು ಚಾಲಕರನ್ನಾಗಿ ನೇಮಿಸಿಕೊಂಡಿತು.

ಭಾರತದಿಂದ ಇದುವರೆಗೆ ಫಾರ್ಮುಲಾ 1ರಲ್ಲಿ ಓಡಿದವರು ಇಬ್ಬರೇ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಮೂಲಕ ಪ್ರವೇಶಿಸಿದರು. ಚೆನ್ನೈನ ಕರುಣ್ ಚಾಂಧೋಕ್ 2010ರಲ್ಲಿ ಬಂದರು. 2012ರ ನಂತರ ಆ ಸಾಲಿನಲ್ಲಿ ಭಾರತದ ಚಾಲಕರೊಬ್ಬರೂ ನಿಂತಿಲ್ಲ. ಕನ್ನಡ ನಾಡಿನವರಂತೂ ಒಬ್ಬರೂ ಇಲ್ಲ. ಹೀಗಾಗಿ ಕುಶ್ ಅವರ ಹಾದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವುದು ಉಪಯುಕ್ತ. ಈ ಕ್ರೀಡೆಗೆ ಮಗನನ್ನೋ ಮಗಳನ್ನೋ ಕಳುಹಿಸಬೇಕೆಂದಿರುವ ಪಾಲಕರಿಗೆ ಅದರಲ್ಲಿ ತಿಳಿಯಬೇಕಾದ ವಿಷಯಗಳು ಬಹಳಷ್ಟಿವೆ.

ಮನೆತನ

ಕುಶ್ ಅವರದು ಬೆಂಗಳೂರಿನ ಮೈನಿ ಉದ್ಯಮ ಕುಟುಂಬ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ಚೇತನ್ ಮೈನಿ ಇದೇ ಮನೆಯವರು. ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು. ಅಣ್ಣ ಅರ್ಜುನ್ ಮೈನಿ 2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದ ಬಾಲಕರಲ್ಲಿ ಒಬ್ಬರು. ಮುಂದೆ ಅವರು 2017ರಲ್ಲಿ ಜಿಪಿ3 ರೇಸ್ ಗೆದ್ದರು, ಹಾಸ್ ಫಾರ್ಮುಲಾ 1 ತಂಡದ ಅಭಿವೃದ್ಧಿ ಚಾಲಕರಾದರು, 2018ರಲ್ಲಿ ಫಾರ್ಮುಲಾ 2 ಓಡಿಸಿದರು. ಅಂದರೆ ಕುಶ್ ಹೆಜ್ಜೆ ಇಡುವ ಮೊದಲೇ ದಾರಿಯ ಏರು ತಗ್ಗು ಮನೆಗೆ ಗೊತ್ತಿತ್ತು. ಈ ಅನುಕೂಲ ಎಲ್ಲರಿಗೂ ಸಿಗುವಂಥದ್ದಲ್ಲ ಎಂಬುದನ್ನು ಮರೆಯಬಾರದು.

ಕೆಳಗಿನ ಮೆಟ್ಟಿಲುಗಳು

ಇಂದಿನ ಎಲ್ಲ ಫಾರ್ಮುಲಾ ಚಾಲಕರಂತೆ ಕುಶ್ ಅವರದೂ ಬಾಲ್ಯದ ಗೋ-ಕಾರ್ಟ್ ಆರಂಭ. ನೆಲಕ್ಕೆ ಅಂಟಿಕೊಂಡಂತೆ ಓಡುವ, ಸ್ಪ್ರಿಂಗ್ ಇಲ್ಲದ ಈ ಚಿಕ್ಕ ಗಾಡಿಯಲ್ಲಿ ತಿರುವಿನ ಗೆರೆ ಹಿಡಿಯುವುದು, ಬ್ರೇಕ್ ಎಲ್ಲಿ ಒತ್ತಬೇಕೆಂಬ ಅಂದಾಜು, ಪಕ್ಕದವನನ್ನು ದಾಟುವ ಧೈರ್ಯ ಮೂರೂ ಮೈಗೂಡುತ್ತವೆ. ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ. ಆದರೆ ದಕ್ಷಿಣ ಭಾರತದ ಹೆಸರಾಂತ ಕಾರ್ ರೇಸ್ ಟ್ರ್ಯಾಕ್‌ಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನಲ್ಲಿವೆ. ಕುಮಟಾ, ಹೊನ್ನಾವರದಂಥ ಊರಿನ ಮಕ್ಕಳಿಗೆ ಮೊದಲ ಮೆಟ್ಟಿಲೇ ದೂರದ್ದು.

ಹದಿನೈದು ವರ್ಷದ ಆಸುಪಾಸಿನಲ್ಲಿ ಒಂಟಿ ಆಸನದ ಕಾರು ಬರುತ್ತದೆ. ಕುಶ್ 2016ರಲ್ಲಿ ಇಟಲಿಯ ಫಾರ್ಮುಲಾ 4ಕ್ಕೆ ಹೋದರು. 2018ರಲ್ಲಿ ಲನಾನ್ ತಂಡದ ಪರ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಮೂರನೆಯ ಸ್ಥಾನ ಪಡೆದರು. 2019ರಲ್ಲಿ ಫಾರ್ಮುಲಾ ರೆನೊ ಯೂರೋಕಪ್. 2020ರಲ್ಲಿ ಮತ್ತೆ ಬ್ರಿಟಿಷ್ ಫಾರ್ಮುಲಾ 3ಕ್ಕೆ ಮರಳಿ ಹೈಟೆಕ್ ತಂಡದಲ್ಲಿ ಎರಡನೆಯ ಸ್ಥಾನ. 2021ರ ಆರಂಭದಲ್ಲಿ ಮುಂಬೈ ಫಾಲ್ಕನ್ಸ್ ಪರ ಏಷ್ಯನ್ ಫಾರ್ಮುಲಾ 3. ನಂತರ 2022ರಲ್ಲಿ ಎಂಪಿ ಮೋಟರ್‌ಸ್ಪೋರ್ಟ್ ಜೊತೆ ಎಫ್‌ಐಎ ಫಾರ್ಮುಲಾ 3, ಅಲ್ಲಿ 14ನೆಯ ಸ್ಥಾನ. ಮೇಲಕ್ಕೇರುವುದು, ಅದೇ ಮೆಟ್ಟಿಲಿನಲ್ಲಿ ಇನ್ನೊಂದು ವರ್ಷ ನಿಲ್ಲುವುದು, ಪಕ್ಕಕ್ಕೆ ಸರಿಯುವುದು, ಇವೆಲ್ಲ ಈ ಕ್ರೀಡೆಯಲ್ಲಿ ಸಹಜ.

ಫಾರ್ಮುಲಾ 2

ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು: ಇಟಲಿಯ ಡಲ್ಲಾರ ಕಂಪನಿಯ ಚಾಸಿ, ಮೆಕಾಕ್ರೋಮ್‌ನ 3.4 ಲೀಟರ್ ವಿ6 ಟರ್ಬೊ ಎಂಜಿನ್. ಕಾರು ಒಂದೇ ಆದ್ದರಿಂದ ಚಾಲಕನ ಕೈಚಳಕ ಮತ್ತು ತಂಡದ ಸಿದ್ಧತೆ ಎದ್ದು ಕಾಣುತ್ತವೆ. ಶನಿವಾರ ಸ್ಪ್ರಿಂಟ್, ಭಾನುವಾರ ಫೀಚರ್ ರೇಸ್. ಅರ್ಹತಾ ಸುತ್ತಿನ ಮೊದಲ ಹತ್ತು ಸ್ಥಾನಗಳನ್ನು ಸ್ಪ್ರಿಂಟ್‌ಗೆ ತಲೆಕೆಳಗು ಮಾಡುತ್ತಾರೆ. ಹತ್ತನೆಯವನು ಮುಂದೆ ನಿಲ್ಲುತ್ತಾನೆ. ಸ್ಪ್ರಿಂಟ್ ಗೆದ್ದವರಿಗೆ 10 ಅಂಕ, ಫೀಚರ್ ಗೆದ್ದವರಿಗೆ 25.

ಕುಶ್ 2023ರಲ್ಲಿ ಕಾಂಪೊಸ್ ತಂಡದಲ್ಲಿ ಓಡಿ 11ನೆಯವರಾದರು. ಆ ವರ್ಷದ ಅಕ್ಟೋಬರ್‌ನಲ್ಲಿ ಆಲ್ಪೀನ್ ಅಕಾಡೆಮಿ ಸೇರಿದರು. 2024ರಲ್ಲಿ ಇನ್ವಿಕ್ಟಾ ತಂಡಕ್ಕೆ ಬಂದು ಬಹರೇನ್‌ನ ಮೊದಲ ಅರ್ಹತಾ ಸುತ್ತಿನಲ್ಲೇ ಎಲ್ಲರಿಗಿಂತ ವೇಗದ ಸಮಯ ದಾಖಲಿಸಿದರು. ಆದರೆ ಕಾರು ತಾಂತ್ರಿಕ ತಪಾಸಣೆಯಲ್ಲಿ ನಿಯಮಕ್ಕೆ ಒಗ್ಗದೆ ಅವರನ್ನು ಅನರ್ಹಗೊಳಿಸಲಾಯಿತು. ಮುಂದಿನ ಜೆಡ್ಡಾದಲ್ಲಿ ಆಲಿವರ್ ಬೇರ್‌ಮನ್ ಏಕಾಏಕಿ ಫೆರಾರಿಯ ಫಾರ್ಮುಲಾ 1 ಕಾರಿಗೆ ಹೋಗಿದ್ದರಿಂದ ಅವರ ಪೋಲ್ ಸ್ಥಾನ ಕುಶ್‌ಗೆ ಬಂತು. ಜುಲೈನಲ್ಲಿ ಹಂಗೆರಿಯ ಸ್ಪ್ರಿಂಟ್‌ನಲ್ಲಿ ಮೊದಲು ಗುರಿ ಮುಟ್ಟಿದ ರಿಚರ್ಡ್ ವರ್ಸ್ಕೂರ್ ತಾಂತ್ರಿಕ ಕಾರಣಕ್ಕೆ ಅನರ್ಹರಾಗಿ, ಕುಶ್ ಅವರಿಗೆ ಫಾರ್ಮುಲಾ 2ರ ಮೊದಲ ಗೆಲುವು ದಕ್ಕಿತು. ಬಹರೇನ್‌ನಲ್ಲಿ ನಿಯಮ ಕಿತ್ತುಕೊಂಡದ್ದನ್ನು ಹಂಗೆರಿಯಲ್ಲಿ ನಿಯಮವೇ ಮರಳಿಸಿತೆನ್ನಬಹುದು.

ಇನ್ವಿಕ್ಟಾ ಆ ವರ್ಷ ತಂಡಗಳ ಪ್ರಶಸ್ತಿ ಗೆದ್ದಿತು. ಕುಶ್ ಅವರ ಜೊತೆಗಾರ, ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಚಾಂಪಿಯನ್ ಆಗಿ ನೇರ ಫಾರ್ಮುಲಾ 1ರ ಸೌಬರ್ ತಂಡಕ್ಕೆ ಹೋದರು. ಕುಶ್ 13ನೆಯವರಾಗಿ ಉಳಿದರು. ಈ ಕ್ರೀಡೆಯಲ್ಲಿ ಚಾಲಕನನ್ನು ಮೊದಲು ಅಳೆಯುವುದು ಅದೇ ತಂಡದ ಇನ್ನೊಬ್ಬ ಚಾಲಕನ ಜೊತೆಗಿಟ್ಟು. ಆ ಅಳತೆಯಲ್ಲಿ 2024 ಕುಶ್ ಅವರಿಗೆ ಕಠಿಣ ವರ್ಷ. ವೇಗದ ಕೊರತೆ ಇರಲಿಲ್ಲ, ಅಂಕಗಳನ್ನು ಎಡೆಬಿಡದೆ ಕೂಡಿಹಾಕುವುದರಲ್ಲಿ ಕೊರತೆಯಿತ್ತು.

2025ರಲ್ಲಿ ಡ್ಯಾಮ್ಸ್ ತಂಡ ಸೇರಿದರು. ಮೊನಾಕೊದ ಸ್ಪ್ರಿಂಟ್‌ನಲ್ಲಿ ಮೊದಲ ಸ್ಥಾನದಿಂದ ಹೊರಟು, ಗೋಡೆಗಳ ನಡುವೆ ತಪ್ಪಿಲ್ಲದೆ ಓಡಿಸಿ ಗೆದ್ದರು. ತಲೆಕೆಳಗಾದ ಸಾಲಿನ ಲಾಭ ಅಲ್ಲಿತ್ತೆಂಬುದು ನಿಜ. ಆದರೆ ಮೊನಾಕೊದಲ್ಲಿ ಒಂದು ಗೇಣು ತಪ್ಪಿದರೂ ರೇಸ್ ಮುಗಿದಂತೆ.

ಸೂಪರ್ ಲೈಸೆನ್ಸ್ ಎಂಬ ಬಾಗಿಲು

ರೇಸ್ ಗೆದ್ದವರೆಲ್ಲ ಫಾರ್ಮುಲಾ 1ಕ್ಕೆ ಹೋಗಲಾಗದು. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ಕೊಡುವ ಸೂಪರ್ ಲೈಸೆನ್ಸ್ ಬೇಕು. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಮೂರು ವರ್ಷಗಳ ಲೆಕ್ಕದಲ್ಲಿ 40 ಅಂಕ ಕೂಡಿರಬೇಕು, ಫಾರ್ಮುಲಾ 1 ಕಾರನ್ನು 300 ಕಿಲೋಮೀಟರ್ ಓಡಿಸಿರಬೇಕು. ಈ ಅಂಕಗಳಿಗೂ ರೇಸ್ ಅಂಕಗಳಿಗೂ ಸಂಬಂಧವಿಲ್ಲ. ಇವು ಸಿಗುವುದು ವರ್ಷದ ಕೊನೆಯ ಸ್ಥಾನಕ್ಕೆ. ಫಾರ್ಮುಲಾ 2ರ ಮೊದಲ ಮೂವರಿಗೆ ತಲಾ 40, ನಾಲ್ಕನೆಯವರಿಗೆ 30, ಐದನೆಯವರಿಗೆ 20, ಆರನೆಯವರಿಗೆ 10, ಹತ್ತನೆಯವರಿಗೆ ಬರೀ 3. ಎಫ್‌ಐಎ ಫಾರ್ಮುಲಾ 3ರ ಚಾಂಪಿಯನ್‌ಗೆ 30. ರಾಷ್ಟ್ರೀಯ ಫಾರ್ಮುಲಾ 4ರ ಚಾಂಪಿಯನ್‌ಗೆ 12.

ಕುಶ್ ಅವರ 14, 11 ಮತ್ತು 13ನೆಯ ಸ್ಥಾನಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟರೆ ತೊಡಕು ತಾನಾಗಿ ಕಾಣುತ್ತದೆ. ಮೂರು ವರ್ಷ, ಕೆಲವು ವೇದಿಕೆ ಸ್ಥಾನಗಳು, ಒಂದು ಗೆಲುವು. ಆದರೆ ಸ್ಥಾನಕ್ಕೆ ಸಿಗುವ ಅಂಕ ಸೊನ್ನೆ. ಮೊನಾಕೊದ ಗೆಲುವಿನ ಸುದ್ದಿ ಓದಿ ಇನ್ನೇನು ಫಾರ್ಮುಲಾ 1 ಬಂದೇಬಿಟ್ಟಿತು ಎಂದುಕೊಂಡವರು ಈ ಲೆಕ್ಕವನ್ನು ನೋಡಿರಲಾರರು.

ಇನ್ನೊಂದು ಲೆಕ್ಕ ಹಣದ್ದು. ಫಾರ್ಮುಲಾ 2ರ ಒಂದು ವರ್ಷಕ್ಕೆ 20ರಿಂದ 30 ಲಕ್ಷ ಯೂರೋ ಬೇಕೆಂಬುದು ರೇಸ್ ವಲಯದಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು. ನಮ್ಮ ಲೆಕ್ಕದಲ್ಲಿ ಸುಮಾರು 20 ಕೋಟಿಯಿಂದ 30 ಕೋಟಿ ರೂಪಾಯಿ. ಕಾರ್ಟಿಂಗ್‌ನಿಂದ ಅಲ್ಲಿಯವರೆಗಿನ ಹತ್ತಾರು ವರ್ಷಗಳ ಖರ್ಚು ಬೇರೆ. ಪ್ರಾಯೋಜಕರಿಲ್ಲದೆ ಉದ್ಯಮಿಗಳ ಮನೆಗೂ ಇದು ಹಗುರವಲ್ಲ.

ಈಚೆಗೆ ಒಂದು ಬದಲಾವಣೆ ಆಗಿದೆ. 2023ರಿಂದ ಭಾರತದಲ್ಲೇ ಎಫ್‌ಐಎ ಮಾನ್ಯತೆಯ ಫಾರ್ಮುಲಾ 4 ನಡೆಯುತ್ತಿದೆ. ಬೆಂಗಳೂರಿನ ರುಹಾನ್ ಆಳ್ವ ಅದರಲ್ಲಿ ಓಡಿದವರಲ್ಲಿ ಒಬ್ಬರು. ಯೂರೋಪಿಗೆ ಹೋಗುವ ಮೊದಲು ಮಕ್ಕಳು ಇಲ್ಲೇ ತಮ್ಮ ಶಕ್ತಿ ಅರಿಯಬಹುದು.

ಫಾರ್ಮುಲಾ 1ರ ಬಾಗಿಲು ತೆರೆಯದಿದ್ದವರಿಗೆ ಬೇರೆ ದಾರಿಗಳೂ ಉಂಟು. ಅಣ್ಣ ಅರ್ಜುನ್ ಒಂಟಿ ಆಸನದ ಕಾರು ಬಿಟ್ಟು 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಹೋದರು. ಅಲ್ಲಿ ಓಡಿದ ಮೊದಲ ಭಾರತೀಯ ಅವರೇ.