ಒಬ್ಬನೇ ರೋಗಿ, ಎರಡು ಬಾಗಿಲು

ಕುಡಿತ ಮೊದಲೋ, ಮನಸ್ಸಿನ ಕಾಯಿಲೆ ಮೊದಲೋ? ಕುಡಿದೇ ಮಗನ ತಲೆ ಕೆಟ್ಟಿತು ಎನ್ನುತ್ತಾನೆ ಅಪ್ಪ. ತಲೆ ಕೆಟ್ಟಿದ್ದಕ್ಕೇ ಕುಡಿಯತೊಡಗಿದ ಎನ್ನುತ್ತಾಳೆ ತಾಯಿ. ನಮ್ಮ ಮನೆಗಳ ಈ ವಾದ ಒಂದು ಕಾಲಕ್ಕೆ ವೈದ್ಯರ, ಸರ್ಕಾರಗಳ ವಾದವೂ ಆಗಿತ್ತು. ಅದರ ನಡುವೆ ಸಿಕ್ಕು ರೋಗಿ ಬೀದಿಪಾಲಾದ ಬಗೆಯನ್ನು ಅಮೆರಿಕದ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು.

1955ರಲ್ಲಿ ಆ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.58 ಲಕ್ಷ ರೋಗಿಗಳಿದ್ದರು. ಕ್ಲೋರ್‌ಪ್ರೊಮಜಿನ್‌ನಂಥ ಹೊಸ ಔಷಧಿಗಳು ಬಂದವು. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಚಿಕಿತ್ಸಾ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ಆಸ್ಪತ್ರೆಗಳ ಗೇಟು ತೆರೆಯಿತು. ಆದರೆ ಹೊರಬಂದವರಿಗೆ ಬೇಕಾದಷ್ಟು ಕೇಂದ್ರಗಳು ಇರಲಿಲ್ಲ. ಹೆಂಡದಂಗಡಿಗಳು ಮಾತ್ರ ಹೇರಳವಾಗಿದ್ದವು.

1970ರಲ್ಲಿ ಮದ್ಯವ್ಯಸನಕ್ಕೆಂದೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಅನುದಾನ, ಸಿಬ್ಬಂದಿ, ತರಬೇತಿ ಎಲ್ಲವೂ ಎರಡು ದಾರಿಯಾದವು. ಮೊದಲು ಕುಡಿತ ಬಿಟ್ಟು ಬಾ ಎಂದು ಮನೋವೈದ್ಯರು ಹೇಳಿದರು. ಮೊದಲು ಹುಚ್ಚು ವಾಸಿ ಮಾಡಿಕೊಂಡು ಬಾ ಎಂದು ವ್ಯಸನ ಕೇಂದ್ರದವರು ಕಳಿಸಿದರು. ಮನೋರೋಗದ ಮಾತ್ರೆಯನ್ನೂ ಒಂದು ನಶೆ ಎಂದೇ ತಿಳಿದವರೂ ಇದ್ದರು. ಕೊನೆಗೆ 'ಆಲ್ಕೋಹಾಲಿಕ್ಸ್ ಅನಾನಿಮಸ್' ತನ್ನ ಸದಸ್ಯರಿಗೆ, ನೀವು ವೈದ್ಯರಾಗಲು ಹೋಗಬೇಡಿ ಎಂದು ಕಿರುಪುಸ್ತಿಕೆಯಲ್ಲೇ ತಿಳಿಹೇಳಬೇಕಾಯಿತು.

ಇಂಥ ರೋಗಿಗಳು ಎಷ್ಟಿದ್ದರು? ಐದು ಊರುಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ಅಧ್ಯಯನದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಮನೋರೋಗವಿದ್ದವರಲ್ಲಿ ಶೇ. 22ರಷ್ಟು ಜನ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಮದ್ಯದ ಸಮಸ್ಯೆಗೆ ಸಿಕ್ಕಿದ್ದರು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಶೇ. 47ರಷ್ಟು ಮಂದಿಗೆ ಮದ್ಯದ ಅಥವಾ ಬೇರೆ ಮಾದಕದ ತೊಂದರೆಯಿತ್ತು.

ಈ ನಡುವೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ರಾಬರ್ಟ್ ಡ್ರೇಕ್ ಎಂಬ ಮನೋವೈದ್ಯರು ಮತ್ತವರ ಸಂಗಡಿಗರು ಎರಡೂ ಕಾಯಿಲೆಗೆ ಒಂದೇ ತಂಡದಿಂದ ಚಿಕಿತ್ಸೆ ಕೊಡುವ ದಾರಿ ಹಿಡಿದರು. ಕುಡಿತ ಬಿಟ್ಟರೆ ಮಾತ್ರ ಒಳಗೆ ಎಂಬ ಷರತ್ತು ಅಲ್ಲಿರಲಿಲ್ಲ. ಮೊದಲು ರೋಗಿಯ ವಿಶ್ವಾಸ ಗಳಿಸುವುದು, ಆಮೇಲೆ ಮನವೊಲಿಸುವುದು, ಆಮೇಲೆ ಚಿಕಿತ್ಸೆ, ಕೊನೆಗೆ ಚಟ ಮರುಕಳಿಸದಂತೆ ಕಾಯುವುದು. ಇರಲು ಮನೆ, ಮಾಡಲು ಕೆಲಸ ಹುಡುಕುವುದೂ ಚಿಕಿತ್ಸೆಯೊಳಗೇ ಸೇರಿತು. ಇದು ವರ್ಷಗಟ್ಟಲೆ ಹಿಡಿಯುವ ಕೆಲಸ.

ಔಷಧಿಯ ಬಗೆಗಿದ್ದ ಅಂಜಿಕೆಯೂ ಕ್ರಮೇಣ ಕರಗಿತು. 1948ರಲ್ಲಿ ಡೆನ್ಮಾರ್ಕ್‌ನಿಂದ ಬಂದ ಡೈಸಲ್ಫಿರಾಮ್ ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅದೇ ಚಿತ್ತಭ್ರಮೆ ತಂದದ್ದೂ ಇತ್ತು. ಹಾಗಾಗಿ ಮನೋರೋಗಿಗಳಿಗೆ ಕೊಡಲು ವೈದ್ಯರು ಹಿಂಜರಿಯುತ್ತಿದ್ದರು. ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ಗೆ ಮದ್ಯವ್ಯಸನದ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಮನೋರೋಗವೂ ಇದ್ದ 254 ಮಂದಿಯ ಮೇಲೆ ಈ ಎರಡನ್ನೂ 12 ವಾರ ಪರೀಕ್ಷಿಸಿದ ವರದಿ 2005ರಲ್ಲಿ ಹೊರಬಂತು. ವೈದ್ಯರ ಕಣ್ಗಾವಲಿನಲ್ಲಿ ಎರಡೂ ಕುಡಿತದಿಂದ ದೂರವಿರಲು ನೆರವಾಗಿದ್ದವು. ಎರಡನ್ನೂ ಒಟ್ಟಿಗೆ ಕೊಟ್ಟದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ನಮ್ಮಲ್ಲಿಯೂ ಬಾಗಿಲುಗಳು ಬೇರೆಬೇರೆಯೇ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಸ್ವಯಂಸೇವಾ ಸಂಸ್ಥೆಗಳ ವ್ಯಸನಮುಕ್ತಿ ಕೇಂದ್ರಗಳಿಗೆ ನೆರವು ನೀಡುವ ಯೋಜನೆ 1985-86ರಲ್ಲಿ ಇನ್ನೊಂದು ಇಲಾಖೆಯಡಿ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಎರಡಕ್ಕೂ ಒಂದೇ ಆವರಣದಲ್ಲಿ ಚಿಕಿತ್ಸೆಯಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಮದ್ಯ, ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿತು.

ಇನ್ನು ಬದಲಾಗಬೇಕಾದವರು ನಾವು. ಖಿನ್ನತೆಯನ್ನು ಹೇಳಿಕೊಂಡು ಕುಡಿತವನ್ನು ಮುಚ್ಚಿಡುತ್ತೇವೆ. ಕುಡಿತವನ್ನು ಬೈದು ಖಿನ್ನತೆಯನ್ನು ಮರೆಯುತ್ತೇವೆ. ವರ್ಷಗಟ್ಟಲೆ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೊರಟರೆ ಅಪಸ್ಮಾರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮರ್ಯಾದೆಯ ಅಳುಕನ್ನು ಬದಿಗಿಟ್ಟು ವೈದ್ಯರ ಮುಂದೆ ಎರಡನ್ನೂ ಬಾಯಿಬಿಟ್ಟು ಹೇಳೋಣ. ಅವನ ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.