ರಾಗಿಯ ತವರುಮನೆ

ಮೊನ್ನೆ ಬಿತ್ತನೆ ರಾಗಿ ಹಸನು ಮಾಡ್ತಾ ಕೂತಿದ್ದೆ. ಮಗ ಬಂದು, "ಅಪ್ಪಾ, ರಾಗಿ ನಮ್ಮ ಸೀಮೆದೇ ಬೆಳೆ ಅಲ್ವಾ?" ಅಂದ. ಅಲ್ಲ ಕಣೋ, ಅದರ ತವರು ಆಫ್ರಿಕಾದ ಪೂರ್ವದ ಎತ್ತರದ ಸೀಮೆ, ಇಥಿಯೋಪಿಯಾ-ಉಗಾಂಡ ಕಡೆ ಅಂದೆ. ಸಾವಿರಾರು ವರ್ಷದ ಹಿಂದೆ ಬಂದು ನಮ್ಮದಾಯ್ತು. ಮೆಣಸಿನಕಾಯಿ, ಮುಸುಕಿನ ಜೋಳ ಮೆಕ್ಸಿಕೋ ಕಡೆಯವು. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ತೊಗರಿ, ಬದನೆ ಮಾತ್ರ ಈ ದೇಶದ್ದೇ.

ಯಾವ ಬೆಳೆ ಎಲ್ಲಿ ಹುಟ್ಟಿತು ಅಂತ ಭೂಮಿ ಸುತ್ತಿ ಹುಡುಕಿದವನು ರಷ್ಯಾದ ನಿಕೊಲಾಯ್ ವವಿಲೋವ್. 1887ರಲ್ಲಿ ಹುಟ್ಟಿದವನು. 1924ರಲ್ಲಿ ಅಫ್ಘಾನಿಸ್ತಾನ, 1927ರಲ್ಲಿ ಇಥಿಯೋಪಿಯಾ, ಹೀಗೆ ಹೋದಲ್ಲೆಲ್ಲ ರೈತರ ಹತ್ತಿರ ಬೀಜ ಕೂಡಿಸಿದ. 1926ರಲ್ಲಿ ಅವನು ಬರೆದದ್ದರ ಸಾರ ಇಷ್ಟೆ: ಒಂದು ಬೆಳೆಯಲ್ಲಿ ಎಲ್ಲಿ ಬಲು ಬಗೆ ತಳಿಗಳಿವೆಯೋ ಅದೇ ಅದರ ತವರು ಇರಬೇಕು. ನೋಡಿ, ವಲಸೆ ಹೋಗೋರು ಒಂದೆರಡು ಹಿಡಿ ಬೀಜ ಒಯ್ತಾರೆ, ಉಳಿದ ಬಗೆಯೆಲ್ಲ ಊರಲ್ಲೇ ಉಳೀತದೆ. ಈ ಲೆಕ್ಕ ಎಲ್ಲಾ ಬೆಳೆಗೂ ಕೂಡಿಬರಲಿಲ್ಲ, ಆದರೂ ದಾರಿ ತೋರಿಸ್ತು. ತವರಲ್ಲಿ ಬೆಳೆ ಜೊತೆ ರೋಗವೂ ಹಳೇದು, ಹಾಗಾಗಿ ಆ ರೋಗ ತಡೆಯೋ ತಳಿನೂ ಅಲ್ಲೇ ಸಿಗೋದು ಹೆಚ್ಚು.

ಅವನ ಕತೆ ಕೊನೇಲಿ ಕಹಿ. ಸರ್ಕಾರಕ್ಕೆ ಅವನ ವಿಜ್ಞಾನ ಹಿಡಿಸಲಿಲ್ಲ. 1940ರಲ್ಲಿ ಬಂಧಿಸಿದರು. 1943ರಲ್ಲಿ ಸರಟೋವ್ ಜೈಲಲ್ಲಿ ಸತ್ತ. ಅದೇ ಹೊತ್ತಿಗೆ ಜರ್ಮನ್ ಸೈನ್ಯ ಲೆನಿನ್‌ಗ್ರಾಡ್ ಊರಿಗೆ ಮುತ್ತಿಗೆ ಹಾಕಿತ್ತು. 1941ರಿಂದ 1944ರವರೆಗೆ ಊಟಕ್ಕೆ ಹಾಹಾಕಾರ. ಅವನ ಬೀಜಭಂಡಾರದ ಕೆಲಸಗಾರರು ಭತ್ತ, ಗೋಧಿ, ಕಡಲೆಕಾಯಿ ಮೂಟೆಗಳ ನಡುವೆ ಕೂತು ಹಸಿವಿಂದ ಸತ್ತರು, ಬಿತ್ತನೆ ಬೀಜ ಮುಟ್ಟಲಿಲ್ಲ. ಕಡಲೆಕಾಯಿ ನೋಡಿಕೊಳ್ತಿದ್ದ ಶುಕಿನ್, ಭತ್ತ ನೋಡಿಕೊಳ್ತಿದ್ದ ಇವಾನೋವ್ ಹಾಗೇ ಹೋದವರು.

ನಮಗೇನು ಇದರಿಂದ ಅಂತೀರಾ? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ್ದೇ ಇಂಡಾಫ್ ತಳಿಗಳು. ಹೆಸರಲ್ಲೇ ಇದೆ, ಇಂಡಿಯಾ-ಆಫ್ರಿಕಾ. ತವರಿನ ರಕ್ತ ಸೇರಿದ್ದಕ್ಕೇ ದಪ್ಪ ತೆನೆ ಬಂತು. ನಮ್ಮಪ್ಪ ಬೆಳೆದು ಸಾಲ ತೀರಿಸಿದ್ದು ಅದರಲ್ಲೇ.

ಆದರೆ ಆ ಸಂಭ್ರಮದಲ್ಲಿ ನಾವು ಒಂದು ತಪ್ಪು ಮಾಡಿದೆವು. ನಮ್ಮವ್ವ ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟಿದ್ದ ಹಸಿರುಕಂಬಿ ರಾಗಿಯನ್ನ ಬರಗಾಲದ ಒಂದು ವರ್ಷ ಬೀಸಿ ಮುದ್ದೆ ಮಾಡಿ ತಿಂದುಬಿಟ್ಟೆವು. ಅಲ್ಲಿಗೆ ನಮ್ಮ ಹೊಲದಲ್ಲಿ ಆ ತಳಿ ಮುಗೀತು. ಹಸಿವಿಗೆ ತಿಂದದ್ದು ತಪ್ಪು ಅನ್ನಲಾರೆ. ಅದಕ್ಕೂ ಮುಂಚೆ ಒಂದು ಸೇರು ಪಕ್ಕದ ಊರಿನ ನೆಂಟರ ಮನೇಲಿ ಇಡದೆ ಹೋದದ್ದು ತಪ್ಪು.

ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಹಸಿರುಕಂಬಿಯೋ ಉಂಡೆ ರಾಗಿಯೋ ಇದ್ರೆ ಒಂದು ಪಾವು ಕೊಡಿ. ಹತ್ತು ಗುಂಟೆ ಬೇರೆ ಇಟ್ಟಿದ್ದೀನಿ. ಸುಗ್ಗಿಗೆ ಎರಡು ಪಾವು ವಾಪಸ್ ಕೊಡ್ತೀನಿ.