ಗಡಿಯಾರ ಮತ್ತು ಮಿದುಳಿನ ಚಿತ್ರ

ಪಾರ್ಶ್ವವಾಯು ಬಡಿದವರನ್ನು ಕುರಿತು ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಕಡೆ ‘ಲಕ್ವಾ ಹೊಡದೈತಿ’ ಎನ್ನುವುದು ರೂಢಿ. ‘ಲಕ್ವಾ’ ಅರಬ್ಬೀ ಮೂಲದ ಮಾತು; ಅಲ್ಲಿ ಅದು ಮುಖ ಸೊಟ್ಟಗಾಗುವ ರೋಗದ ಹೆಸರು. ‘ಪಾರ್ಶ್ವವಾಯು’ವಾದರೋ ಸಂಸ್ಕೃತದ್ದು. ಒಂದು ಮುಖವನ್ನು ನೋಡಿತು, ಇನ್ನೊಂದು ಮೈಯ ಮಗ್ಗುಲನ್ನು ನೋಡಿತು. ಕೇಡಿನ ನೆಲೆ ಮಿದುಳು ಎಂಬ ಸುಳಿವು ಎರಡರಲ್ಲಿಯೂ ಇಲ್ಲ. ಆ ಒಳಗಿನ ನೆಲೆಯನ್ನು ಮನುಷ್ಯ ಕಂಡುಕೊಂಡ ಬಗೆ ಎಂಥದು? ವೈದ್ಯನಲ್ಲದ, ಕನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೂ ಕುತೂಹಲ ಹುಟ್ಟಿಸುವ ಕಥೆ ಅದು.

ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ 1658ರಲ್ಲಿ ಈ ರೋಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಸತ್ತವರ ತಲೆಯನ್ನು ತೆರೆದು ನೋಡಿದ ಆತನಿಗೆ ಮಿದುಳಿನೊಳಗೆ ರಕ್ತ ಸುರಿದಿದ್ದುದು ಕಂಡಿತು; ರಕ್ತನಾಳ ಕಟ್ಟಿಕೊಂಡರೂ ಇದೇ ಗತಿಯೆಂದು ಆತ ತರ್ಕಿಸಿದನು. ನಾಳ ಒಡೆದದ್ದೋ, ಕಟ್ಟಿದ್ದೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಕೈ ಬಿದ್ದಿರುತ್ತದೆ, ಮಾತು ತೊದಲುತ್ತದೆ. ಮದ್ದು ಮಾತ್ರ ಒಂದೇ ಅಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ನಾಳ ಒಡೆದವನಿಗೆ ಕೊಟ್ಟರೆ ಅದು ಪ್ರಾಣಕ್ಕೇ ಎರವಾದೀತು. ಈ ಭೇದವು ಬಹುಕಾಲ, ಬಹುಮಟ್ಟಿಗೆ, ಮರಣಾನಂತರವೇ ನಿಶ್ಚಯವಾಗುತ್ತಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರಚಿಸಿದ ಯಂತ್ರವು ಬದುಕಿರುವ ರೋಗಿಯ ಮಿದುಳನ್ನು ಪದರವಾಗಿ ಬಿಡಿಸಿ ತೋರಿಸಿತು. ಅದೇ ಸಿ.ಟಿ. ಸ್ಕ್ಯಾನು. ಸುರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ರಕ್ತಸ್ರಾವವಿಲ್ಲವೆಂದು ಇದರಿಂದ ಖಚಿತಪಡಿಸಿಕೊಂಡು, ರೋಗ ಬಡಿದ ಮೂರು ಗಂಟೆಗಳೊಳಗೆ ಆಲ್ಟೆಪ್ಲೇಸ್ ಎಂಬ ಔಷಧವನ್ನು ಕೊಟ್ಟರೆ ಗುಣವುಂಟೆಂದು ಅಮೆರಿಕದ ವೈದ್ಯರು 624 ರೋಗಿಗಳ ಪ್ರಯೋಗದಿಂದ 1995ರಲ್ಲಿ ತೋರಿಸಿದರು. 2008ರಲ್ಲಿ ಯುರೋಪಿನ ಪ್ರಯೋಗವೊಂದು ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು.

ಆದರೆ ಕೇಳುಗ ಬಂಧುಗಳೇ, ರಾತ್ರಿ ನೆಮ್ಮದಿಯಿಂದ ಮಲಗಿ, ಬೆಳಗ್ಗೆ ಎದ್ದಾಗ ಕೈ ಬಿದ್ದವನ ಗತಿಯೇನು? ರೋಗ ತೊಡಗಿದ ಗಳಿಗೆಯನ್ನು ಯಾರು ಬಲ್ಲರು? ಗಡಿಯಾರ ಮೂಕವಾದ ಈ ಎಡೆಯಲ್ಲಿ ಚಿತ್ರವೇ ಸಾಕ್ಷಿ ನುಡಿಯಬಲ್ಲುದು ಎಂಬುದು 2018ರಲ್ಲಿ ಪ್ರಕಟವಾದ ಯುರೋಪಿನ ಇನ್ನೊಂದು ಪ್ರಯೋಗದ ತಿರುಳು. ಎಂ.ಆರ್.ಐ. ಯಂತ್ರದ ಒಂದು ಬಗೆಯ ಚಿತ್ರದಲ್ಲಿ ಪೆಟ್ಟು ಬಹುಬೇಗ ಕಾಣುತ್ತದೆ. ಇನ್ನೊಂದು ಬಗೆಯದರಲ್ಲಿ ಕೆಲವು ಗಂಟೆಗಳಾದ ಮೇಲಷ್ಟೇ ಮೂಡುತ್ತದೆ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲವಾದರೆ ಪೆಟ್ಟು ಹೊಸದು. ಹೀಗೆ ಆರಿಸಿದ 503 ಮಂದಿಯಲ್ಲಿ, ಔಷಧ ಪಡೆದವರ ಪೈಕಿ ನೂರಕ್ಕೆ 53 ಮಂದಿ ಮೂರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡರು. ಪಡೆಯದವರ ಪೈಕಿ 42 ಮಂದಿ. ಔಷಧದಿಂದಲೇ ರಕ್ತಸ್ರಾವವಾಗುವ ಅಪಾಯ ಇಲ್ಲಿಯೂ ಪೂರ್ತಿ ತಪ್ಪಲಿಲ್ಲ.

ನಮ್ಮ ಸೀಮೆಗೆ ಈ ಕಥೆ ಬಂದಾಗ ದಾರಿಯ ಪ್ರಶ್ನೆ ಏಳುತ್ತದೆ. ಗಜೇಂದ್ರಗಡದವರಿಗೆ ಗದಗ, ನರಗುಂದದವರಿಗೆ ಹುಬ್ಬಳ್ಳಿ ಸುಮಾರು 50 ಕಿಲೋಮೀಟರು. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ 1957ರದು, ಗದಗಿನದು 2015ರದು. ಈ ಅಂತರವನ್ನು ದಾಟುವ ಮೊದಲೇ ಹೊತ್ತು ಮನೆಯಲ್ಲಿ ಸೋರಿಹೋಗುತ್ತದೆ. ಎಣ್ಣೆ ತಿಕ್ಕಿ, ‘ಬೆಳಗಾಗ್ಲಿ, ನೋಡೂಣು’ ಎಂದು ಕೂಡುವುದನ್ನು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಸತ್ತ ಮಿದುಳನ್ನು ಯಾವ ಚಿತ್ರವೂ ಎಬ್ಬಿಸಲಾರದು. ಇನ್ನೂ ಉಳಿದಿರುವುದನ್ನಷ್ಟೇ ಅದು ವೈದ್ಯನಿಗೆ ತೋರಿಸೀತು.

ರೋಗಿ ಕೊನೆಯ ಸಲ ನೆಟ್ಟಗಿದ್ದುದನ್ನು ಯಾರು, ಎಷ್ಟು ಗಂಟೆಗೆ ಕಂಡರು ಎಂಬುದನ್ನು ಮನೆಯವರು ನೆನಪಿಟ್ಟುಕೊಂಡು ಹೊರಡಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು. ಉತ್ತರ ತಿಳಿಯದಿದ್ದರೂ ಹೊರಡಬೇಕು. ತಿಳಿಯದವರ ಪಾಲಿಗೆ ಮುಚ್ಚಿದ್ದ ಬಾಗಿಲು ಈಗ ಸ್ವಲ್ಪ ತೆರೆದಿದೆ.